ಸತ್ಯಾಂಶ: ಯಾವುದೇ ಪದವಿಯಿಂದ ವಿಶೇಷ ಶಿಕ್ಷಣದ ಎಂ.ಎಡ್. ಸೇರಬಹುದೇ?

‘ಯಾವುದೇ ಪದವಿ ಸಾಕು, ನೇರವಾಗಿ ವಿಶೇಷ ಶಿಕ್ಷಣದ ಎಂ.ಎಡ್. ಸೇರಿ, ಆರು ತಿಂಗಳ ಆನ್‌ಲೈನ್ ಕೋರ್ಸ್ ಕೂಡ ಅದಕ್ಕೆ ಸಮ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಎರಡೂ ಮಾತು ತಪ್ಪು.

ವಿಶೇಷ ಶಿಕ್ಷಣ ಎಂದರೆ ಅಂಗವೈಕಲ್ಯವಿರುವ ಮಕ್ಕಳಿಗೆ ಕಲಿಸುವುದು. ಭಾರತದಲ್ಲಿ ಇದರ ಕೋರ್ಸ್‌ಗಳ ಮಾನದಂಡ ನಿಗದಿಪಡಿಸುವುದು ಭಾರತೀಯ ಪುನರ್ವಸತಿ ಪರಿಷತ್ತು. ಅದರ ನಿಯಮದಂತೆ ಎಂ.ಎಡ್. ಎರಡು ವರ್ಷದ್ದು. ಸೇರಲು ಪರಿಷತ್ತಿನ ಮಾನ್ಯತೆಯಿರುವ ವಿಶೇಷ ಶಿಕ್ಷಣದ ಬಿ.ಎಡ್. ಅನ್ನು ಕನಿಷ್ಠ ಶೇ 50 ಅಂಕಗಳೊಂದಿಗೆ ಮುಗಿಸಿರಬೇಕು. ಸಾಮಾನ್ಯ ಬಿ.ಎಡ್. ಮಾಡಿದವರಿಗೆ ಬಾಗಿಲು ಪೂರ್ತಿ ಮುಚ್ಚಿಲ್ಲ, ಆದರೆ ಮಾನ್ಯತೆಯಿರುವ ವಿಶೇಷ ಶಿಕ್ಷಣದ ಡಿಪ್ಲೊಮಾ ಜತೆಗಿರಬೇಕು. ಬರೀ ಬಿ.ಎ., ಬಿ.ಕಾಂ. ಪದವಿ ಹಿಡಿದು ಹೋದರೆ ಅರ್ಜಿ ನಿಲ್ಲುವುದಿಲ್ಲ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಶ್ರವಣದೋಷ ವಿಭಾಗದ ಬಿ.ಎಡ್., ಎಂ.ಎಡ್. ಎರಡೂ ಇವೆ. ವಿಭಾಗದ ಆಯ್ಕೆ ಸಣ್ಣ ಸಂಗತಿಯಲ್ಲ: ಕಿವಿ ಕೇಳದ ಮಗುವಿಗೆ ಕಲಿಸುವ ತರಬೇತಿ ಬೇರೆ, ದೃಷ್ಟಿದೋಷವಿರುವ ಮಗುವಿಗೆ ಕಲಿಸುವ ತರಬೇತಿ ಬೇರೆ.

ಪದವಿಯ ಬಳಿಕ ಪರಿಷತ್ತಿನ ಕೇಂದ್ರ ಪುನರ್ವಸತಿ ನೋಂದಣಿಯಲ್ಲಿ ಹೆಸರು ಸೇರಬೇಕು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ 1992ರ ಕಾಯ್ದೆಯಡಿ ಒಂದು ವರ್ಷದವರೆಗೆ ಜೈಲು ಅಥವಾ ದಂಡ ವಿಧಿಸಬಹುದು. ಫಾರ್ವರ್ಡ್ ಮಾಡುವವರು ಇದನ್ನು ಹೇಳುವುದೇ ಇಲ್ಲ. ಶುಲ್ಕ ಕಟ್ಟುವ ಮುನ್ನ ಪರಿಷತ್ತಿನ ಜಾಲತಾಣದಲ್ಲಿರುವ ಮಾನ್ಯ ಸಂಸ್ಥೆಗಳ ಪಟ್ಟಿ ನೋಡಿ.