ಯಾವ ಬಜ್ಜಿಯಲ್ಲಿ ಎಷ್ಟು ಖಾರವೋ!

ಮಳೆ ಬಂದಾಗ ಮಾತ್ರ ಬಜ್ಜಿಯನ್ನು ನೆನೆಯುವುದು ಬೆಂಗಳೂರಿನವರು ಬೆಳೆಸಿಕೊಂಡ ಒಂದು ಶೋಕಿ ಎಂಬುದು ನನ್ನ ಬಹುಕಾಲದ ಗುಮಾನಿ. ದಾವಣಗೆರೆಯಲ್ಲಾಗಲಿ, ಹುಬ್ಬಳ್ಳಿಯಲ್ಲಾಗಲಿ, ಬಳ್ಳಾರಿ ಕೊಪ್ಪಳಗಳ ಕಡೆಯಾಗಲಿ ಮೆಣಸಿನಕಾಯಿ ಬಜ್ಜಿ ತಿನ್ನುವುದಕ್ಕೆ ಯಾರೂ ಮೋಡದ ಅಪ್ಪಣೆಗೆ ಕಾಯುವುದಿಲ್ಲ. ಏಪ್ರಿಲ್ ತಿಂಗಳ ಬಿಸಿಲಿಗೆ ರಸ್ತೆಯ ಟಾರು ಮೆತ್ತಗಾಗುವ ಹೊತ್ತಿನಲ್ಲೂ ಮಂಡಕ್ಕಿ ಅಂಗಡಿಯ ಬಾಣಲೆ ಒಲೆಯಿಂದ ಇಳಿಯುವುದಿಲ್ಲ. ಬೆಳಗ್ಗೆ ಎಂಟು ಗಂಟೆಗೇ ಮಂಡಕ್ಕಿ ಒಗ್ಗರಣೆಯ ಪಕ್ಕದಲ್ಲಿ ಎರಡು ಮಿರ್ಚಿ ಹಾಕಿಸಿಕೊಂಡು, ಮೇಲೊಂದು ಚಹಾ ಕುಡಿದು ಕೆಲಸಕ್ಕೆ ಹೊರಡುವವರು ಆ ಕಡೆ ಹೇರಳವಾಗಿದ್ದಾರೆ. ಹೀಗಾಗಿ ನಮ್ಮ ಮನೆಯಲ್ಲಿ ಬಜ್ಜಿ ಮಾಡುವ ದಿನವನ್ನು ಗೊತ್ತುಪಡಿಸುವುದು ಹವಾಮಾನವಲ್ಲ. ಸಂತೆಯಲ್ಲಿ ಕಣ್ಣಿಗೆ ಬಿದ್ದ ಕಾಯಿ.

ಬಜ್ಜಿ ಮೆಣಸಿನಕಾಯಿ ಎಂದು ಬೆಂಗಳೂರು, ಮೈಸೂರುಗಳ ತರಕಾರಿ ಅಂಗಡಿಗಳಲ್ಲಿ ಮಾರುವುದು ಗೇಣುದ್ದದ, ತಿಳಿಹಸಿರಿನ, ದಪ್ಪ ಮಾಂಸದ, ಸ್ವಭಾವದಲ್ಲಿ ಸಾಧುವಾದ ಕಾಯಿ. ಉತ್ತರದ ಊರುಗಳ ಮಿರ್ಚಿಗೆ ಅದಕ್ಕಿಂತ ಸಪೂರವಾದ, ಬಣ್ಣದಲ್ಲೂ ಬುದ್ಧಿಯಲ್ಲೂ ಚುರುಕಾದ ಕಾಯಿ ಬೇಕು. ಯಾವುದನ್ನು ಕೊಂಡರೂ ಅದರ ಖಾರವನ್ನು ವಿಚಾರಿಸುವ ಶಾಸ್ತ್ರವೊಂದನ್ನು ನಾವು ತಪ್ಪದೆ ನಡೆಸುತ್ತೇವೆ. "ತುಂಬಾ ಖಾರ ಇದ್ಯೇನಮ್ಮ?" ಎಂದು ಅಳುಕಿನಿಂದ ಕೇಳಿದರೆ, "ಇಲ್ಲ ಸಾರ್, ಮಕ್ಕಳೂ ತಿನ್ಬೋದು" ಎಂಬ ಉತ್ತರ ಬರುತ್ತದೆ. ಬೆನ್ನಿಗೇ ಬಂದ ಇನ್ನೊಬ್ಬರು ಅದೇ ಗುಡ್ಡೆಗೆ ಕೈಹಾಕಿ, "ಖಾರ ಇದ್ರೆ ಮಾತ್ರ ಕೊಡಿ" ಎಂದರೆ, "ಬೆಂಕಿ ಸಾರ್, ಬೆಂಕಿ" ಎಂಬ ಭರವಸೆಯೂ ಅದೇ ಬಾಯಿಂದ ಬರುತ್ತದೆ. ಆಕೆ ಸುಳ್ಳು ಹೇಳಿದಳೆಂದು ನಾನು ತಿಳಿಯುವುದಿಲ್ಲ. ಆ ಗುಡ್ಡೆಯಲ್ಲಿ ಎರಡು ಬಗೆಯವೂ ಇರುತ್ತವೆ, ಮತ್ತು ಯಾವುದು ಯಾವುದೆಂದು ಬೆಳೆದ ರೈತನೂ ಹೊರಗಿನಿಂದ ನೋಡಿ ಹೇಳಲಾರ.

ಗುಟ್ಟಿರುವುದು ಕಾಯಿಯ ಒಳಗೆ. ಖಾರವೆಲ್ಲ ಬೀಜದಲ್ಲಿದೆ ಎಂದು ನಮ್ಮ ಅಡುಗೆಮನೆಗಳು ತಲೆಮಾರುಗಳಿಂದ ನಂಬಿಕೊಂಡು ಬಂದಿವೆಯಾದರೂ, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ತಯಾರಾಗುವುದು ಬೀಜಗಳು ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ; ಬೀಜಕ್ಕೆ ಇರುವುದು ಸಹವಾಸದೋಷ ಮಾತ್ರ. ಆ ತಿರುಳಿನಲ್ಲಿ ಎಷ್ಟು ಖಾರ ಕೂಡಿಕೊಳ್ಳುತ್ತದೆ ಎಂಬುದು ತಳಿಯನ್ನಷ್ಟೇ ಅಲ್ಲದೆ ಕಾಯಿಯ ವಯಸ್ಸು, ಗಿಡಕ್ಕೆ ಸಿಕ್ಕ ನೀರು, ಬಿದ್ದ ಬಿಸಿಲು ಇವೆಲ್ಲವನ್ನೂ ಅವಲಂಬಿಸಿರುವುದರಿಂದ, ಒಂದೇ ಗಿಡದ ಎರಡು ಕಾಯಿಗಳು ಎರಡು ಬಗೆಯಾಗಿರುವುದು ಸಾಮಾನ್ಯ ಸಂಗತಿ. ಅಂತಹ ಕಾಯಿಗಳಿಗೆಲ್ಲ ಒಂದೇ ಬಣ್ಣದ ಹಿಟ್ಟಿನ ಅಂಗಿಯನ್ನು ತೊಡಿಸಿ ಒಂದೇ ತಟ್ಟೆಯಲ್ಲಿ ಕೂರಿಸುವುದೇ ಮೆಣಸಿನಕಾಯಿ ಬಜ್ಜಿ. ಆಲೂಗಡ್ಡೆ ಬಜ್ಜಿಯ ಮೊದಲ ತುಂಡು ಹೇಗೋ ಕೊನೆಯದೂ ಹಾಗೆಯೇ. ಹೀರೇಕಾಯಿ, ಬಾಳೇಕಾಯಿಗಳ ಕತೆಯೂ ಅಷ್ಟೇ. ಕರಿದ ತಿಂಡಿಗಳಲ್ಲಿ ಅದೃಷ್ಟಪರೀಕ್ಷೆಯ ಸೊಗಸು ಇರುವುದು ಇದೊಂದರಲ್ಲಿ, ಮತ್ತು ನನ್ನ ಮಟ್ಟಿಗೆ ಅದನ್ನು ಮನೆಯಲ್ಲಿ ಮಾಡುವ ಶ್ರಮಕ್ಕೆ ಅರ್ಥ ಬರುವುದೂ ಅದರಿಂದಲೇ.

ಈ ಸೊಗಸು ನಮಗೆ ಒದಗಿದ್ದು ಕೊಂಚ ತಡವಾಗಿ. ಕಡಲೆಯೂ ಎಣ್ಣೆಯೂ ಕರಿಯುವ ವಿದ್ಯೆಯೂ ನಮ್ಮಲ್ಲಿ ಬಹಳ ಹಿಂದಿನಿಂದ ಇದ್ದವು. ಅಮೆರಿಕ ಖಂಡದ ಮೆಣಸಿನಕಾಯಿ ಮಾತ್ರ ಪೋರ್ಚುಗೀಸರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಬಂದದ್ದು 16ನೆಯ ಶತಮಾನದಲ್ಲಿ. ಹಕ್ಕ ಬುಕ್ಕರಿಗೆ ಸಾಮ್ರಾಜ್ಯ ಕಟ್ಟುವ ಯೋಗವಿತ್ತೇ ಹೊರತು ಮಿರ್ಚಿ ತಿನ್ನುವ ಯೋಗವಿರಲಿಲ್ಲ.

ಇನ್ನು ಮಾಡುವ ಕ್ರಮ. ಕಾಯಿಗಳನ್ನು ತೊಳೆದು ಬಟ್ಟೆಯಿಂದ ಒರೆಸಿ, ತೇವ ಚೂರೂ ಉಳಿಯದಂತೆ ಆರಿಸಬೇಕು. ಇಲ್ಲವಾದರೆ ಹಿಟ್ಟು ಕಾಯಿಗೆ ಹಿಡಿಯದೆ ಜಾರಿ, ಬಾಣಲೆಯಲ್ಲಿ ಕಾಯಿಯೊಂದು ಕಡೆ ಹಿಟ್ಟೊಂದು ಕಡೆ ಈಜುತ್ತವೆ. ತೊಟ್ಟನ್ನು ಯಾವ ಕಾರಣಕ್ಕೂ ಕೀಳಬಾರದು, ಹಿಟ್ಟಿನಲ್ಲಿ ಅದ್ದುವುದಕ್ಕೂ ಕೊನೆಗೆ ಹಿಡಿದು ತಿನ್ನುವುದಕ್ಕೂ ಅದೇ ಹಿಡಿಕೆ. ಉದ್ದಕ್ಕೆ ಒಂದು ಸೀಳು ಹಾಕಲೇಬೇಕು. ಕಾಯಿಯ ಒಳಗಿನ ಪೊಳ್ಳಿನಲ್ಲಿ ಸೇರಿದ ಹಬೆಗೆ ಹೊರಬರಲು ದಾರಿಯಿಲ್ಲದಿದ್ದರೆ ಅದು ಎಣ್ಣೆಯಲ್ಲಿ ಸಿಡಿದು ಕರಿಯುವವರ ಮುಂಗೈಯನ್ನು ಸುಡುತ್ತದೆ. ಸೀಳಿನೊಳಕ್ಕೆ ಗಟ್ಟಿಯಾಗಿ ಕಿವುಚಿದ ಹುಣಸೆಹಣ್ಣು, ಉಪ್ಪು, ಹುರಿದ ಜೀರಿಗೆಯ ಪುಡಿ ಇವುಗಳ ಲೇಪವನ್ನು ತೆಳುವಾಗಿ ಸವರಿದರೆ ಸಾಕು. ಜೋಧಪುರದವರು ಬೇಯಿಸಿದ ಆಲೂಗಡ್ಡೆಯ ಪಲ್ಯವನ್ನು ತುಂಬುತ್ತಾರೆ. ಆಂಧ್ರದಲ್ಲಿ ಒಮ್ಮೆ ಕರಿದದ್ದನ್ನು ತುಂಡರಿಸಿ ಮತ್ತೊಮ್ಮೆ ಕರಿಯುತ್ತಾರೆ. ಅವು ಅವರವರ ಊರಿಗೆ ಚೆಂದ.

ತಿರುಳನ್ನು ತೆಗೆಯಬೇಕೋ ಬಿಡಬೇಕೋ ಎಂಬ ವಿಷಯದಲ್ಲಿ ಮನೆಗಳು ಇಬ್ಭಾಗವಾಗಿವೆ. ಒಮ್ಮೆ ನಾನು ಅತಿಥಿಗಳ ಮೇಲಿನ ಕರುಣೆಯಿಂದ ಚಮಚದ ಹಿಡಿಯಲ್ಲಿ ತಿರುಳನ್ನು ಕೆರೆದು ತೆಗೆಯುತ್ತಿದ್ದುದನ್ನು ಕಂಡು, ದಾವಣಗೆರೆ ಕಡೆಯವರಾದ ನಮ್ಮ ಅತ್ತೆ, "ಅದನ್ನೂ ತೆಗೆದ್ ಮೇಲೆ ಇನ್ನೇನ್ ಉಳೀತ್ರಿ? ಅದ್ರ ಬದ್ಲು ಬೆಂಡೆಕಾಯಿ ಬಜ್ಜಿನೇ ಮಾಡ್ಬಿಡ್ರಿ" ಎಂದರು. ಅಂದಿನಿಂದ ಕಾಯಿಗಳನ್ನು ಅವುಗಳ ಪಾಡಿಗೆ ಬಿಟ್ಟಿದ್ದೇನೆ. ಅತ್ತೆಯವರ ಈ ನಿಲುವನ್ನೇ ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದು, ಹಿಟ್ಟಿಗೆ ಅಚ್ಚಖಾರದ ಪುಡಿಯನ್ನು ಹಾಕಬಾರದೆಂದೂ ನಾನು ವಾದಿಸುತ್ತೇನೆ. ಹೊರಗಿನ ಪದರವೇ ಖಾರವಾದರೆ ಒಳಗಿನ ಕಾಯಿ ಹೇಳಬೇಕಾದ್ದನ್ನು ಅದು ಮುಂಚಿತವಾಗಿ ಹೇಳಿಬಿಡುತ್ತದೆ. ಎರಡು ಲೋಟ ಕಡಲೆಹಿಟ್ಟು, ಗರಿಗರಿಗೆಂದು ಎರಡು ಚಮಚ ಅಕ್ಕಿಹಿಟ್ಟು, ಅಂಗೈಯಲ್ಲಿ ಉಜ್ಜಿದ ಓಂಕಾಳು, ಉಪ್ಪು, ಒಂದು ಚಮಚ ಕಾದ ಎಣ್ಣೆ ಇಷ್ಟಿದ್ದರೆ ಹಿಟ್ಟು ಪೂರ್ಣವಾಯಿತು. ಅಡುಗೆ ಸೋಡ ಚಿಟಿಕೆ ಮೀರಿದರೆ ಬಜ್ಜಿ ಬುರುಬುರು ಊದಿ ನೋಡುವುದಕ್ಕೇನೋ ಚೆನ್ನಾಗಿ ಕಾಣುತ್ತದೆ, ಆದರೆ ಕುಡಿದ ಎಣ್ಣೆಯನ್ನೆಲ್ಲ ತಿನ್ನುವವರ ಬಾಯಿಗೆ ಒಪ್ಪಿಸಿ ಕೊನೆಯಲ್ಲಿ ಸಾಬೂನಿನ ರುಚಿಯೊಂದನ್ನು ಉಳಿಸುತ್ತದೆ.

ಎಣ್ಣೆ ಕಾದಿದೆಯೋ ಇಲ್ಲವೋ ಎಂದು ತಿಳಿಯಲು ಒಂದು ಹನಿ ಹಿಟ್ಟನ್ನು ಬಿಟ್ಟು ನೋಡುವುದು ಹಳೆಯ ಪದ್ಧತಿ. ಅದು ತಳಕ್ಕಿಳಿದು ಅಲ್ಲಿಯೇ ಕುಳಿತರೆ ಇನ್ನೂ ಕಾಯಬೇಕು. ಬಿದ್ದ ಕ್ಷಣವೇ ಕಪ್ಪಾದರೆ ಉರಿ ತಗ್ಗಿಸಬೇಕು. ಇಳಿದ ಹಾಗೆ ಮಾಡಿ ತಟ್ಟನೆ ಮೇಲೆದ್ದು ಬಂದರೆ ಎಣ್ಣೆ 175ರಿಂದ 180 ಡಿಗ್ರಿಯ ಆಸುಪಾಸಿನಲ್ಲಿದೆ ಎಂದರ್ಥ. ಆಗ ತೊಟ್ಟನ್ನು ಎರಡು ಬೆರಳುಗಳಲ್ಲಿ ಹಿಡಿದು, ಕಾಯಿಯನ್ನು ಹಿಟ್ಟಿನೊಳಗೆ ಒಂದು ಸುತ್ತು ಹೊರಳಿಸಿ, ಪಾತ್ರೆಯ ಅಂಚಿಗೆ ಒಂದು ಮಗ್ಗುಲನ್ನು ಸವರಿ ಹೆಚ್ಚಿನ ಹಿಟ್ಟನ್ನು ಇಳಿಸಿ, ಬಾಣಲೆಯ ದಡದಿಂದ ಒಳಕ್ಕೆ ಜಾರಿಬಿಡಬೇಕು. ಹಾಗೆ ಸವರಿದ ಮಗ್ಗುಲಿನಲ್ಲಿ ಹಿಟ್ಟು ತೆಳುವಾಗಿದ್ದು, ಬೆಂದ ಮೇಲೆ ಕಾಯಿಯ ಹಸಿರು ಒಂದು ಗೆರೆಯಾಗಿ ಹೊರಗೆ ಇಣುಕುತ್ತದೆ. ಅಂಗಡಿಯ ಮಿರ್ಚಿಯ ಗುರುತೇ ಅದು. ಮೊದಲಿಗೆ ಹಿಟ್ಟಿನ ನೀರೆಲ್ಲ ಹಬೆಯಾಗಿ ಹೊರಬೀಳುವಾಗ ಗುಳ್ಳೆಗಳ ಅಬ್ಬರ. ನೀರು ಕಡಮೆಯಾದಂತೆ ಗುಳ್ಳೆಗಳು ಸಣ್ಣದಾಗಿ ಸದ್ದು ತಗ್ಗುತ್ತದೆ. ಅನುಭವಿಗಳು ಬಜ್ಜಿ ಬೆಂದದ್ದನ್ನು ಬೆನ್ನು ತಿರುಗಿಸಿ ನಿಂತೇ ಈ ಸದ್ದಿನಿಂದ ಹೇಳಬಲ್ಲರು.

ತಟ್ಟೆ ಮೇಜಿಗೆ ಬಂದ ಮೇಲೆ ಆಟ ಶುರುವಾಗುತ್ತದೆ. ಬಿಸಿಯಿದ್ದಾಗಲೇ ತಿನ್ನಬೇಕೆಂಬ ಆತುರದವರಿಗೆ ಖಾರ ಹೆಚ್ಚಾಗಿ ತಟ್ಟುವುದು ಬರೀ ಭ್ರಮೆಯಲ್ಲ. ಸುಮಾರು 43 ಡಿಗ್ರಿಗಿಂತ ಹೆಚ್ಚಿನ ಬಿಸಿ ತಾಕಿದರೆ ಸುಡುತ್ತಿದೆಯೆಂದು ಮೆದುಳಿಗೆ ವರದಿ ಮಾಡುವ ನರತುದಿಯ ಗ್ರಾಹಕವೇ ಕ್ಯಾಪ್ಸೈಸಿನ್ ತಾಕಿದಾಗಲೂ ಅದೇ ವರದಿಯನ್ನು ಮಾಡುತ್ತದೆ. ಖಾರದ ಬೆನ್ನು ಹತ್ತಿ ಈ ಗ್ರಾಹಕವನ್ನು 1997ರಲ್ಲಿ ಪತ್ತೆ ಮಾಡಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್‌ನಲ್ಲಿ ಪಾಲು ದೊರೆಯಿತು. ಬಾಣಲೆಯಿಂದ ಈಗತಾನೆ ಇಳಿದ ಮಿರ್ಚಿಯನ್ನು ಕಚ್ಚಿದವರ ನಾಲಗೆಗೆ ಒಂದೇ ಬಾಗಿಲಿನಿಂದ ಎರಡು ಬೆಂಕಿಗಳು ನುಗ್ಗುತ್ತವೆ. ಒಬ್ಬರು ಮೂರನೆಯದನ್ನು ನಿರಾಳವಾಗಿ ಮುಗಿಸಿ, "ಖಾರವೇ ಇಲ್ಲವಲ್ಲ" ಎನ್ನುತ್ತಿರುವಾಗ, ಪಕ್ಕದವರು ಮೊದಲನೆಯದರ ಅರ್ಧದಲ್ಲೇ ಮಾತು ನಿಲ್ಲಿಸಿ ನೀರಿನ ಲೋಟಕ್ಕೆ ಕೈಚಾಚುತ್ತಾರೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗದಾದ್ದರಿಂದ ನೀರು ಅದನ್ನು ಬಾಯಿತುಂಬ ಹರಡುತ್ತದೆಯೇ ಹೊರತು ತೊಳೆಯುವುದಿಲ್ಲ. ಬೇಕಾದದ್ದು ಮಜ್ಜಿಗೆ; ಹಾಲಿನ ಕೇಸೀನ್ ಎಂಬ ಪ್ರೋಟೀನು ಖಾರವನ್ನು ಹಿಡಿದುಕೊಂಡು ಹೋಗುತ್ತದೆ. ಇದನ್ನು ವಿವರಿಸಲು ಹೊರಟರೆ, ಕಣ್ಣು ಮೂಗುಗಳಲ್ಲಿ ನೀರು ಸುರಿಸುತ್ತಿರುವವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರುವುದಿಲ್ಲ. ಮಜ್ಜಿಗೆಯ ತಂಬಿಗೆಯನ್ನು ಮೊದಲೇ ಮೇಜಿನ ಮೇಲಿಟ್ಟಿರುವುದು ಲೇಸು.

ಕರಿಯುವವರ ಪಾಡು ಬೇರೆಯದೇ. ಬಜ್ಜಿಯ ಗರಿ ಹತ್ತು ನಿಮಿಷವೂ ನಿಲ್ಲದಾದ್ದರಿಂದ, ಕರಿಯುವವರು ತಿನ್ನುವವರ ಜೊತೆ ಕೂರುವ ಸಂಭವವೇ ಇಲ್ಲ. ಒಳಗಿನಿಂದ "ಇನ್ನೆರಡು ಹಾಕ್ಲಾ?" ಎಂಬ ಪ್ರಶ್ನೆ, ಹೊರಗಿನಿಂದ "ಸಾಕು, ಸಾಕು" ಎಂಬ ಉತ್ತರ ಮತ್ತು ಅದರ ಜೊತೆಗೇ ಬರುವ ಖಾಲಿ ತಟ್ಟೆ. ಕೊನೆಯ ಸರದಿ ಮುಗಿಸಿ ಬಂದು ಕೂತಾಗ ಎಣ್ಣೆಯ ಘಾಟಿಗೆ ಹಸಿವು ಸತ್ತುಹೋಗಿರುತ್ತದೆ.

ಹೀಗೆ ಮಿಕ್ಕವುಗಳನ್ನು ನಾನು ರಾತ್ರಿಯೇ ತೊಟ್ಟು ತೆಗೆದು ತುಂಡು ಮಾಡಿ ಗಟ್ಟಿ ಮೊಸರಿಗೆ ಹಾಕಿ, ಸಾಸಿವೆ ಕರಿಬೇವಿನ ಒಗ್ಗರಣೆ ಕೊಟ್ಟು ತಂಪಿನಲ್ಲಿ ಇಡುತ್ತೇನೆ. ಬೆಳಗಾಗುವಷ್ಟರಲ್ಲಿ ಹಿಟ್ಟು ಮೆತ್ತಗಾಗಿ, ಸಾಧುವಿನದೂ ಸಿಡುಕಿನದೂ ಸೇರಿ ಎಲ್ಲ ಕಾಯಿಗಳ ಖಾರವೂ ಮೊಸರಿನಲ್ಲಿ ಬೆರೆತು ಒಂದೇ ಹದಕ್ಕೆ ಬಂದಿರುತ್ತದೆ. ಅನ್ನಕ್ಕೆ ಕಲಸಿಕೊಂಡರೆ ಚೆನ್ನಾಗಿಯೇ ಇರುತ್ತದೆ. ಆದರೆ ಯಾರೂ ಇನ್ನೊಬ್ಬರ ಮುಖವನ್ನು ನೋಡಿಕೊಂಡು ತಿನ್ನುವುದಿಲ್ಲ.