ಗವಂತಿಯ ಲೆಕ್ಕ

ಕಸೂತಿ ಕಲಿಯಲು ಕೂತವರಿಗೆ ಮೊದಲು ಬೇಕಾಗುವುದು ಬಣ್ಣದ ದಾರ ಅಲ್ಲ, ಒಳ್ಳೆಯ ಬೆಳಕು. ಆಮೇಲೆ, ಸುಮ್ಮಸುಮ್ಮನೆ ಮಾತಾಡಿಸದ ಮನೆಮಂದಿ. ಧಾರವಾಡ ಕಡೆಯ ಈ ಕೆಲಸದಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ ಗೆರೆ ಇರುವುದಿಲ್ಲ, ಅಚ್ಚೂ ಇರುವುದಿಲ್ಲ. ಗೋಪುರ, ತೇರು, ತುಳಸಿಕಟ್ಟೆ, ನವಿಲು ಎಲ್ಲ ಎಳೆ ಎಣಿಸಿಯೇ ಏಳಬೇಕು.

ಗವಂತಿ, ಮುರಗಿ, ನೇಗಿ, ಮೆಂತೆ ಅಂತ ಇದರಲ್ಲಿ ನಾಲ್ಕು ಹೊಲಿಗೆ. ಹೊಸಬರು ಗವಂತಿಯಿಂದ ಶುರು ಮಾಡುವುದು ಒಳ್ಳೆಯದು, ಅದೂ ಮ್ಯಾಟಿ ಬಟ್ಟೆಯ ಮೇಲೆ. ಅದರ ಎಳೆ ದಪ್ಪ, ಕಣ್ಣಿಗೆ ಕಾಣುತ್ತದೆ. ನಾಲ್ಕು ಎಳೆ ದಾಟಿ ಸೂಜಿ ಕೆಳಗೆ, ಇನ್ನು ನಾಲ್ಕು ದಾಟಿ ಮೇಲೆ. ಹೋಗುವಾಗ ಕಾಣುವುದು ಬರೀ ತುಂಡು ತುಂಡು ಗೆರೆ. ತುದಿ ಮುಟ್ಟಿದ ಮೇಲೆ ಅದೇ ದಾರಿ, ಅದೇ ತೂತು ಹಿಡಿದು ವಾಪಸ್ ಬರಬೇಕು. ಬಿಟ್ಟ ಜಾಗವೆಲ್ಲ ಆಗ ತುಂಬುತ್ತದೆ. ಗಂಟು ಹಾಕುವಂತಿಲ್ಲ. ದಾರದ ತುದಿಯನ್ನು ಹೊಲಿಗೆಯೊಳಗೇ ಸೇರಿಸಿಬಿಡಬೇಕು.

ನೇರ ಗೆರೆಯಾದರೆ ಸರಿ. ಗೋಪುರಕ್ಕೆ ಬಂದಾಗ ತಲೆ ಓಡಬೇಕು. ನಡುವೆ ಒಂದು ಕವಲು ಬಂತು ಅನ್ನಿ. ಈಗಲೇ ಆ ಕಡೆ ಹೋಗಿ ಬರುವುದೋ, ಮರಳುವಾಗ ನೋಡಿಕೊಳ್ಳುವುದೋ? ಹೊರಡುವ ಮುಂಚೆಯೇ ವಾಪಸ್ ಬರುವ ದಾರಿ ಗೊತ್ತಿರಬೇಕು. ಇಲ್ಲದಿದ್ದರೆ ಹಿಂದುಗಡೆ ದಾರ ಅಡ್ಡಾದಿಡ್ಡಿ ಜಿಗಿಯುತ್ತದೆ. ಇಷ್ಟೆಲ್ಲ ಲೆಕ್ಕವನ್ನು ಕಾಗದ ಮುಟ್ಟದೆ ತಲೆಯಲ್ಲೇ ಹಾಕುತ್ತಿದ್ದ ಅಜ್ಜಿಯರನ್ನು ನೋಡಿ ‘ಹೊತ್ತು ಕಳೆಯೋಕೆ ಸುಮ್ನೆ ಹೊಲೀತಾರೆ’ ಅಂದುಬಿಡುತ್ತೇವೆ, ಅಲ್ವಾ?

ನನಗೆ ಸೂಜಿ ಹಿಡಿಸಿದ ಕಾಕು (ಚಿಕ್ಕಮ್ಮ) ಎಳೆ ಎಣಿಸುವಾಗ ಯಾರಿಗೂ ಸಿಗುತ್ತಿರಲಿಲ್ಲ. ‘ಚಹಾ ಮಾಡ್ಲೇನ್ರೀ?’ ಅಂತ ಸೊಸೆ ಕೇಳಿದರೆ ಎಡಗೈ ಬೆರಳು ಮೇಲೇಳುತ್ತಿತ್ತು. ತಾಳು ಅಂತ. ತುಟಿ ಅಲ್ಲಾಡುತ್ತಲೇ ಇರುತ್ತಿತ್ತು. ಸೂಜಿ ಕೆಳಗಿಳಿದ ಮೇಲೆ ತಲೆ ಎತ್ತಿ, ‘ಹಾಂ, ಏನಂದಿ ತಂಗಿ?’ ಅಷ್ಟೊತ್ತಿಗೆ ಚಹಾ ಕುದಿಯುತ್ತಿರುತ್ತಿತ್ತು.

ಈಗ ಕಂಪ್ಯೂಟರ್ ಮಷೀನಿನಲ್ಲಿ ಕಸೂತಿ ಹಾಕಿದ ಸೀರೆಗಳೂ ಸಿಗುತ್ತವೆ. ಬೆಲೆ ಕಡಿಮೆ. ನನ್ನ ತಕರಾರೇನೂ ಇಲ್ಲ, ಕೈಕಸೂತಿ ಅಂತ ಹೇಳಿ ಮಾರದಿದ್ದರೆ ಸಾಕು. ಅಂಗಡಿಯಲ್ಲಿ ಅನುಮಾನ ಬಂದರೆ ಸೆರಗು ಮಗುಚಿ ನೋಡಿ, ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ. ಚೆನ್ನಾಗಿ ಹಾಕಿದ ಗವಂತಿ ಎರಡೂ ಕಡೆ ಒಂದೇ ಥರ ಇರುತ್ತದೆ. ಮುರಗಿಯೂ ಅಷ್ಟೆ. ನೇಗಿ, ಮೆಂತೆ ಮಾತ್ರ ಹಾಗಲ್ಲ. ಅವನ್ನು ನೋಡಿ ಜಗಳಕ್ಕೆ ನಿಲ್ಲಬೇಡಿ.