ಸ್ಪಷ್ಟನೆ: ಕರಾವಳಿಯ ಮಳೆಗೆ ಇ20 ಪೆಟ್ರೋಲ್ ನೀರಾಗುತ್ತದೆಯೇ?

ಮಂಗಳೂರು, ಉಡುಪಿಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಇ20 ಪೆಟ್ರೋಲ್ (20% ಎಥೆನಾಲ್ ಎಂಬ ಆಲ್ಕೋಹಾಲ್ ಬೆರೆಸಿದ್ದು) ಮಳೆಗಾಲದ ಗಾಳಿಯಿಂದ ನೀರು ಹೀರಿ ಎಂಜಿನ್ ಕೆಡಿಸುತ್ತದೆ, ತುಂಬಿದ ಟ್ಯಾಂಕಿಗೆ ಸ್ವಲ್ಪ ಟೂ-ಸ್ಟ್ರೋಕ್ ಆಯಿಲ್ ಬೆರೆಸಿ ಎಂದು. ದಯವಿಟ್ಟು ಬೆರೆಸಬೇಡಿ. ಆಯಿಲ್ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಸುತ್ತದೆ, ಹೊಗೆಯ ವಿಷ ತಗ್ಗಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನೂ ಹಾಳುಮಾಡುತ್ತದೆ; ನೀರನ್ನಂತೂ ತೆಗೆಯುವುದಿಲ್ಲ.

20% ಎಥೆನಾಲ್ ನೀರು ಹೀರುವುದು ನಿಜ. ಆದರೆ ಮುಚ್ಚಳ ಬಿಗಿಯಾಗಿದ್ದರೆ ಗಾಳಿಯಿಂದ ಒಳಸೇರುವ ತೇವ ತೀರಾ ಕಡಿಮೆ. 40 ಲೀಟರ್ ಪೆಟ್ರೋಲಿನಲ್ಲಿ ಪದರ ಬೇರೆಯಾಗಲು ನೂರಾರು ಮಿಲಿಲೀಟರ್ ನೀರು ಬೇಕು. ಅಷ್ಟು ನೀರು ಬರುವುದು ಹರಿದ ಮುಚ್ಚಳದ ರಬ್ಬರಿನಿಂದ, ನೆರೆನೀರಿನಿಂದ ಅಥವಾ ಬಂಕಿನ ನೆಲದಡಿಯ ಟ್ಯಾಂಕಿನಿಂದ. ಆಗ ಎಥೆನಾಲ್ ಮತ್ತು ನೀರು ತಳಕ್ಕಿಳಿಯುತ್ತವೆ. ಪಂಪ್ ಎಳೆಯುವುದೂ ತಳದಿಂದಲೇ. ಸಂಶಯವಿದ್ದರೆ ಗಾಜಿನ ಬಾಟಲಿಗೆ 100 ಮಿ.ಲೀ. ತೆಗೆದು ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ಕಂಡರೆ ಸ್ಟಾರ್ಟ್ ಮಾಡಲೇಬೇಡಿ. ಟ್ಯಾಂಕ್ ಖಾಲಿ ಮಾಡಿಸಿ, ಫಿಲ್ಟರ್ ಬದಲಿಸಿ.

ನಿಜವಾದ ಚಿಂತೆ ಹಳೆಯ ಕಾರುಗಳದ್ದು. ಎಥೆನಾಲ್‌ಗೆ ಹೊಂದದ ರಬ್ಬರ್ ಪೈಪು, ಓ-ರಿಂಗ್, ಗ್ಯಾಸ್ಕೆಟ್ ಉಬ್ಬಿ ಬಿರುಕು ಬಿಟ್ಟು ಪೆಟ್ರೋಲ್ ಒಸರುತ್ತದೆ. ಸರ್ವಿಸ್‌ನಲ್ಲಿ ಇವನ್ನೇ ಪರೀಕ್ಷಿಸಲು ಹೇಳಿ. ಗಾಳಿ ಮತ್ತು ಇಂಧನ ಬೆರೆಸುವ ಹಳೆಯ ಬಗೆಯ ಕಾರ್ಬ್ಯುರೇಟರ್ ಇದ್ದರೆ ಗಾಳಿಗೆ ತಕ್ಕಷ್ಟು ಇಂಧನ ಸಾಲದಾಗುವುದರಿಂದ ಟ್ಯೂನಿಂಗ್ ಬೇಕು. ಎಥೆನಾಲ್‌ನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ, ಹಾಗಾಗಿ ಮೈಲೇಜ್ ಇಳಿಯುವುದೂ ಸುಳ್ಳಲ್ಲ.

ಗಲ್ಫ್‌ಗೆ ಹೋಗುವವರು ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ತುಂಬಿಸಿ ಹೋಗಿ. ಒಳಗೆ ಗಾಳಿ ಕಡಿಮೆಯಿದ್ದಷ್ಟೂ ತೇವ ಕಡಿಮೆ.